ಬೂದಿ ಮುಚ್ಚಿದ ಕೆಂಡ

ಮದುವೆಮನೆಗಳಲ್ಲಿ ಹೆಂಗಸರ ಮಾತು ಬದಲಾಗಿದೆ. ಮೊದಲೆಲ್ಲ ಪಂಕ್ತಿ ಏಳುವವರೆಗೆ ಸೀರೆ, ಸರ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ ಎಂಬುದೇ ಮಾತು. ಈಗ ಐವತ್ತು ದಾಟಿದ ನಾಲ್ವರು ಒಂದೆಡೆ ಕೂತರೆ ಸಾಕು, "ನಿಮ್ಮದು ಎಷ್ಟು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ವಯಸ್ಸಲ್ಲ, ಕೊಲೆಸ್ಟೆರಾಲ್. "ನಂದು ಇನ್ನೂರ ನಲವತ್ತು ಕಣ್ರೀ, ಡಾಕ್ಟ್ರು ತುಪ್ಪ ಬಿಡಿಸಿದಾರೆ" ಎನ್ನುತ್ತಲೇ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುವವರನ್ನು ಎಷ್ಟೋ ಸಲ ನೋಡಿದ್ದೇನೆ. ನೂರ ಎಂಬತ್ತು ಎಂದವರ ಮುಖದಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗಿಯ ಕಳೆ ಇರುತ್ತದೆ.

ಇಷ್ಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ್ದರಿಂದಲೋ ಏನೋ, ಪ್ರತಿಯೊಂದಕ್ಕೂ ಇಸವಿ ಹುಡುಕುವ ಚಟ ನನಗೆ. ಈ ಒಂದು ಅಂಕಿ ನಮ್ಮ ಅಡುಗೆಮನೆಯ ಯಜಮಾನಿಕೆಯನ್ನು ಹೇಗೆ ಹಿಡಿಯಿತು, ಅದು ಹೇಳುವುದೆಷ್ಟು, ಹೇಳದೆ ಉಳಿಸುವುದೆಷ್ಟು ಎಂದು ಹುಡುಕಿಕೊಂಡು ಹೋದೆ. ವಿಜ್ಞಾನ ಓದಿದವಳಲ್ಲ, ಬಿ.ಎ. ಓದಿದವಳು. ಆದರೂ ಇದು ಯುದ್ಧಗಳ ಚರಿತ್ರೆಗಿಂತ ರೋಚಕವಾಗಿ ಕಂಡಿತು.

ಕೊಲೆಸ್ಟೆರಾಲ್ ಮೊದಲು ಸಿಕ್ಕಿದ್ದು ಹೃದಯದಲ್ಲೂ ಅಲ್ಲ, ತುಪ್ಪದಲ್ಲೂ ಅಲ್ಲ, ಪಿತ್ತಕೋಶದ ಕಲ್ಲಿನಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನವರು ಅದನ್ನು ಬೇರ್ಪಡಿಸಿದರು. ಮುಂದೆ ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞ ಗ್ರೀಕ್ ಭಾಷೆಯ ಪಿತ್ತ ಮತ್ತು ಗಟ್ಟಿ ಎಂಬ ಎರಡು ಪದ ಕೂಡಿಸಿ ಹೆಸರಿಟ್ಟ. ಅದನ್ನು ವಿಷ ಎಂದು ಆಗ ಯಾರೂ ಅನ್ನಲಿಲ್ಲ, ಹಾಗೆ ನೋಡಿದರೆ ಅದು ವಿಷವೂ ಅಲ್ಲ. ಮೈಯ ಪ್ರತಿಯೊಂದು ಜೀವಕೋಶದ ಗೋಡೆಗೂ ಅದು ಬೇಕು. ಹೆಣ್ಣನ್ನು ಹೆಣ್ಣಾಗಿಸುವ ಹಾರ್ಮೋನುಗಳು ತಯಾರಾಗುವುದೂ ಅದರಿಂದಲೇ. ಬೇಕಾದುದರಲ್ಲಿ ಬಹುಪಾಲನ್ನು ನಮ್ಮ ಲಿವರ್ ತಾನೇ ಮಾಡಿಕೊಳ್ಳುತ್ತದೆ, ನಾವು ತಿನ್ನಲಿ ಬಿಡಲಿ.

ರಕ್ತನಾಳ ಏಕೆ ಕಟ್ಟಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪಿನಲ್ಲಿ ದೊಡ್ಡ ಜಗಳವೇ ನಡೆಯಿತು. ವಿಯೆನ್ನಾದ ರೊಕಿಟಾನ್ಸ್ಕಿ, ರಕ್ತದಲ್ಲಿರುವುದೇ ನಾಳದ ಒಳಮೈಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ ಎಂದ. ಜರ್ಮನಿಯ ರುಡಾಲ್ಫ್ ವಿರ್ಕೋ ಒಪ್ಪಲಿಲ್ಲ. ಇದು ಹೊರಗಿನಿಂದ ಮೆತ್ತಿದ್ದಲ್ಲ, ಗೋಡೆಯ ಒಳಗೇ ಹುಟ್ಟಿದ ಉರಿಯೂತ ಎಂದು 1850ರ ದಶಕದಲ್ಲೇ ಬರೆದ. ಉರಿಯೂತವೆಂದರೆ ನಮಗೆ ಹೊಸದೇನೂ ಅಲ್ಲ. ಕಾಲಿಗೆ ಮುಳ್ಳು ಚುಚ್ಚಿದ ಮರುದಿನ ಆ ಜಾಗ ಕೆಂಪಾಗಿ, ಊದಿ, ಬಿಸಿಯಾಗಿ ನೋಯುತ್ತದಲ್ಲ, ಅದೇ. ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಕ್ರಿಸ್ತಶಕದ ಮೊದಲ ಶತಮಾನದಲ್ಲೇ ಬರೆದಿಟ್ಟಿದ್ದ. ನಮ್ಮ ಭಾಷೆಯ ಮಾತಿನಲ್ಲಿ ಉರಿ, ಊತ ಎಂದು ಎರಡು ಲಕ್ಷಣಗಳು ಹೆಸರಿನಲ್ಲೇ ಕೂತಿವೆ! ಅಂಥದೇ ಒಂದು ಉರಿಯೂತ ಕಣ್ಣಿಗೆ ಕಾಣದಂತೆ ಹೃದಯದ ನಾಳದ ಗೋಡೆಯೊಳಗೆ ವರ್ಷಗಟ್ಟಲೆ ಇರಬಹುದು ಎಂಬುದು ವಿರ್ಕೋ ಹೇಳಿದ್ದರ ತಾತ್ಪರ್ಯ. ಅಲ್ಲೂ ಕೊಬ್ಬು ಇರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬೇರೆಯವರು ಕೊಬ್ಬನ್ನು ಹಿಡಿದುಕೊಂಡರು, ಉರಿಯನ್ನು ಬಿಟ್ಟರು.

ಏಕೆಂದರೆ ಕೊಬ್ಬಿನ ಪರವಾಗಿ ಒಳ್ಳೆಯ ಸಾಕ್ಷಿ ಸಿಕ್ಕಿತು. 1910ರಲ್ಲಿ ಜರ್ಮನಿಯ ವಿಂಡಾಸ್, ರೋಗ ಹಿಡಿದ ಮಹಾಪಧಮನಿಯಲ್ಲಿ ಆರೋಗ್ಯವಂತ ನಾಳಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಕೊಲೆಸ್ಟೆರಾಲ್ ಇದೆಯೆಂದು ತೋರಿಸಿದ. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್ಕೋವ್ ಎಂಬ ತರುಣ ವೈದ್ಯ ಕೊಲೆಸ್ಟೆರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದ. ಬರಿಯ ಎಣ್ಣೆ ತಿಂದ ಮೊಲಗಳಿಗೆ ಏನೂ ಆಗಲಿಲ್ಲ. ಕೊಲೆಸ್ಟೆರಾಲ್ ತಿಂದವುಗಳ ನಾಳಗಳಲ್ಲಿ ಮನುಷ್ಯರದರಂಥದೇ ಗಂಟುಗಳು ಕಾಣಿಸಿದವು. ಪಾಪ, ಹುಲ್ಲು ಮೇಯುವ ಪ್ರಾಣಿಗೆ ಮೊಟ್ಟೆಯ ಸಾರ ತಿನ್ನಿಸಿದರೆ ಇನ್ನೇನಾಗುತ್ತದೆ ಎಂದು ಟೀಕಿಸಿದವರೂ ಇದ್ದರು. ನಾಯಿ, ಇಲಿಗಳಲ್ಲಿ ಹಾಗೆ ಆಗಲಿಲ್ಲ ಕೂಡ. ಆದರೆ ಆ ಗಂಟಿನೊಳಗೆ ಬಿಳಿಯ ರಕ್ತಕಣಗಳು ನುಗ್ಗಿ ಕೊಬ್ಬು ನುಂಗಿ ಕೂತಿರುವುದನ್ನೂ ಅನಿಚ್ಕೋವ್ ಗುರುತಿಸಿದ್ದ ಎಂಬುದನ್ನು ನಾನು ಓದಿದಾಗ ಆಶ್ಚರ್ಯವಾಯಿತು. ಬಿಳಿಯ ಕಣಗಳೆಂದರೆ ಉರಿಯೂತದ ಸಿಪಾಯಿಗಳು. ಅಂದರೆ ವಿರ್ಕೋ ಹೇಳಿದ್ದೂ, ಕೊಬ್ಬಿನವರು ಹೇಳಿದ್ದೂ ಒಂದೇ ಗಾಜಿನ ಪಟ್ಟಿಯ ಮೇಲೆ ಅಕ್ಕಪಕ್ಕದಲ್ಲಿತ್ತು. ಅವೆರಡನ್ನೂ ಸೇರಿಸಿ ಓದಲು ಇನ್ನೂ ಎಂಬತ್ತು ವರ್ಷ ಬೇಕಾಯಿತು.

ಮುಂದಿನ ಕತೆ ಅಮೆರಿಕದ್ದು. 1945ರ ಏಪ್ರಿಲಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ರಕ್ತದೊತ್ತಡ ವರ್ಷಗಳಿಂದ ಏರುತ್ತಲೇ ಇತ್ತು, ವಯಸ್ಸಾದಂತೆ ಅದು ಸಹಜ ಎಂಬ ಭಾವನೆ ಆಗಿನ ವೈದ್ಯರಲ್ಲಿತ್ತು. ದೇಶದ ಅಧ್ಯಕ್ಷನಿಗೇ ಹೀಗಾದರೆ! 1948ರಲ್ಲಿ ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದ 5,209 ಜನರನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ, ಯಾರಿಗೆ ಹೃದಯರೋಗ ಬರುತ್ತದೆ ಎಂದು ಕಾದು ನೋಡುವ ಕೆಲಸ ಆರಂಭವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಂಗಸರು ಎಂಬುದನ್ನು ಗಮನಿಸಬೇಕು, ಏಕೆಂದರೆ ಮುಂದಿನ ಎಷ್ಟೋ ದೊಡ್ಡ ಅಧ್ಯಯನಗಳಲ್ಲಿ ಹೆಂಗಸರೇ ಇರಲಿಲ್ಲ. ರಕ್ತದೊತ್ತಡ, ಕೊಲೆಸ್ಟೆರಾಲ್, ಬೀಡಿ ಸಿಗರೇಟು ಇವೆಲ್ಲ 'ಅಪಾಯದ ಅಂಶಗಳು' ಎಂಬ ಮಾತನ್ನು 1961ರಲ್ಲಿ ಚಾಲ್ತಿಗೆ ತಂದದ್ದು ಈ ಊರಿನ ಜನರ ಲೆಕ್ಕವೇ.

ಅದೇ ಕಾಲಕ್ಕೆ ಆನ್ಸೆಲ್ ಕೀಸ್ ಎಂಬುವರು ಏಳು ದೇಶಗಳ ಗಂಡಸರ ಊಟ ಮತ್ತು ಹೃದಯವನ್ನು ಹೋಲಿಸಿ ಬೆಣ್ಣೆ, ಮಾಂಸಗಳ ಕೊಬ್ಬಿನ ಕಡೆ ಬೆರಳು ತೋರಿಸಿದರು. ಅವರು ದೇಶಗಳನ್ನು ಆರಿಸಿಕೊಂಡ ರೀತಿಯ ಬಗ್ಗೆ ಇಂದಿಗೂ ವಾದವಿದೆ. ಅದು ನನ್ನ ಕೈಗೆ ಮೀರಿದ್ದು. ನನಗೆ ನೆನಪಿರುವುದು ಆ ಮಾತು ನಮ್ಮ ಮನೆಗೆ ಬಂದ ಬಗೆ. ತೊಂಬತ್ತರ ದಶಕದಲ್ಲಿ ಟೀವಿಯಲ್ಲಿ ಅಡುಗೆ ಎಣ್ಣೆಯ ಜಾಹೀರಾತುಗಳು ಶುರುವಾದವು. 'ಕೊಲೆಸ್ಟೆರಾಲ್ ಇಲ್ಲದ ಎಣ್ಣೆ' ಎಂದು ಡಬ್ಬಿಯ ಮೇಲೆ ದಪ್ಪಕ್ಷರ. ಶೇಂಗಾದಲ್ಲಾಗಲಿ ಸೂರ್ಯಕಾಂತಿಯಲ್ಲಾಗಲಿ ಕೊಲೆಸ್ಟೆರಾಲ್ ಇರುವುದಾದರೂ ಎಲ್ಲಿಂದ? ಅದು ಪ್ರಾಣಿಮೂಲದ ವಸ್ತು. ನೀರಿಲ್ಲದ ಸಕ್ಕರೆ ಎಂದು ಮಾರಿದ ಹಾಗೆ. ಇದೇ ಹೊತ್ತಿಗೆ ತುಪ್ಪಕ್ಕೆ ಹೆದರಿದ ಎಷ್ಟೋ ಮನೆಗಳು ವನಸ್ಪತಿಗೆ ಒಗ್ಗಿಹೋಗಿದ್ದವು. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ತುಪ್ಪಕ್ಕಿಂತ ಕೆಟ್ಟದ್ದೆಂದು ಗೊತ್ತಾಗಿ, ನಮ್ಮ ದೇಶದಲ್ಲಿ ಅದಕ್ಕೆ ಶೇಕಡಾ 2ರ ಮಿತಿ ಬಂದದ್ದು 2022ರ ಜನವರಿಯಲ್ಲಿ. ಅಲ್ಲಿಯವರೆಗೆ ನಾವು ಎಷ್ಟು ದೀಪಾವಳಿಗೆ ಎಷ್ಟು ಚಕ್ಕುಲಿ ಕರಿದಿದ್ದೆವೋ!

ಆದರೆ ಕೊಲೆಸ್ಟೆರಾಲ್ ಬರಿಯ ಜಾಹೀರಾತಿನ ಗುಮ್ಮ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಸ್ಟಾರ್ಮಿ ಜೋನ್ಸ್ ಎಂಬ ಪುಟ್ಟ ಹುಡುಗಿಯ ಕತೆ ಓದಿದ ಮೇಲೆ ಯಾರೂ ಹಾಗೆನ್ನಲಾರರು. ಟೆಕ್ಸಾಸಿನ ಆ ಮಗುವಿನ ಕೊಲೆಸ್ಟೆರಾಲ್ ಸಾವಿರದ ಮೇಲಿತ್ತು. ಆರು ವರ್ಷಕ್ಕೇ ಹೃದಯಾಘಾತ. ಒಂದನೆಯ ತರಗತಿಯ ಮಗು ಎಷ್ಟು ತುಪ್ಪ ತಿಂದೀತು? ಅದು ಹುಟ್ಟಿನಿಂದ ಬಂದ ದೋಷ. ಕೆಟ್ಟದ್ದೆಂದು ನಾವು ಕರೆಯುವ ಎಲ್.ಡಿ.ಎಲ್. ಎಂಬ ಕೊಲೆಸ್ಟೆರಾಲನ್ನು ರಕ್ತದಿಂದ ಒಳಕ್ಕೆ ಕರೆದುಕೊಳ್ಳಲು ಲಿವರಿನ ಜೀವಕೋಶಗಳ ಮೈಮೇಲೆ ಬಾಗಿಲುಗಳಿರುತ್ತವೆ. ಆ ಮಗುವಿಗೆ ಆ ಬಾಗಿಲುಗಳೇ ಇರಲಿಲ್ಲ. ಈ ಬಾಗಿಲನ್ನು ಕಂಡುಹಿಡಿದವರು ಡಲ್ಲಾಸಿನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರ ನೊಬೆಲ್ ಬಹುಮಾನ ಅವರಿಗೆ ಬಂತು. 1984ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ಸ್ಟಾರ್ಮಿಗೆ ಹೊಸ ಹೃದಯದ ಜೊತೆಗೆ ಹೊಸ ಲಿವರನ್ನೂ ಒಟ್ಟಿಗೇ ಜೋಡಿಸಿದರು. ಕೊಲೆಸ್ಟೆರಾಲ್ ಮುನ್ನೂರರ ಆಸುಪಾಸಿಗೆ ಇಳಿಯಿತು. ಹುಡುಗಿ ಇನ್ನೂ ಆರೂ ಚಿಲ್ಲರೆ ವರ್ಷ ಬದುಕಿ, 13ನೇ ವಯಸ್ಸಿನಲ್ಲಿ, 1990ರಲ್ಲಿ ತೀರಿಕೊಂಡಳು.

ಕೊಲೆಸ್ಟೆರಾಲ್ ಇಳಿಸುವ ಮಾತ್ರೆ ಬಂದದ್ದು ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೋ ರೈತರ ಮನೆಯ ಮಗ, ಅಣಬೆ ಬೂಷ್ಟುಗಳ ಹುಚ್ಚು ಹಿಡಿಸಿಕೊಂಡವರು. ಸುಮಾರು 6,000 ಬಗೆಯ ಬೂಷ್ಟುಗಳನ್ನು ಶೋಧಿಸಿ, ಕೊನೆಗೆ ಕ್ಯೋಟೊದ ಅಂಗಡಿಯೊಂದರ ಅಕ್ಕಿಗೆ ಹಿಡಿದಿದ್ದ ಬೂಷ್ಟಿನಲ್ಲಿ 1973ರಲ್ಲಿ ಅದನ್ನು ಪಡೆದರು. ಇಂದಿನ ಸ್ಟಾಟಿನ್ ಮಾತ್ರೆಗಳ ವಂಶ ಶುರುವಾಗುವುದು ಅಲ್ಲಿಂದ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಈ ಮಾತ್ರೆ ಸಾವನ್ನು ಶೇಕಡಾ 30ರಷ್ಟು ತಗ್ಗಿಸಿತು. ಎಂಡೋ 2024ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅಕ್ಕಿಗೆ ಬೂಷ್ಟು ಬಂದರೆ ಬಿಸಿಲಿಗೆ ಹರವಿ ಬಯ್ದುಕೊಳ್ಳುವ ನಮಗೆ ಅವರ ಹೆಸರು ಕೂಡ ಗೊತ್ತಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನನ್ನ ಅಕ್ಕನಿಗೆ ನಲವತ್ತರ ಹೊತ್ತಿಗೆ ಕೀಲುಗಳು ಊದಲು ಶುರುವಾದವು. ಬೆಳಗಿನ ಹೊತ್ತು ಬೆರಳು ಮಡಿಸಲಾಗುತ್ತಿರಲಿಲ್ಲ. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಕುಡಿಯುತ್ತಿದ್ದಳು. ರುಮಟಾಯ್ಡ್ ಎಂದರು. ಸಂಧಿವಾತ ಅಂದರೆ ಮುದುಕಿಯರ ಕಾಯಿಲೆ ಎಂದು ಅವಳಿಗೆ ಅದೇ ನಾಚಿಕೆ. ಸಣ್ಣ ಮೈಕಟ್ಟು, ಸಕ್ಕರೆ ಇಲ್ಲ, ಬಿ.ಪಿ. ಇಲ್ಲ. 2009ರಲ್ಲಿ, ಅವಳಿಗೆ 56 ವರ್ಷ, ಒಂದು ಸಂಜೆ ದವಡೆ, ಬೆನ್ನು ಸೆಳೆದು ಬೆವೆತಳು. ನರ್ಸಿಂಗ್ ಹೋಮಿನಲ್ಲಿ ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಗಿನ ಜಾವ ಹೋಗಿಬಿಟ್ಟಳು. ಭಾವ ಎಷ್ಟೋ ದಿನ ಒಂದೇ ಮಾತು ಹೇಳುತ್ತಿದ್ದರು: "ಎರಡು ತಿಂಗಳ ಹಿಂದೆ ಎಲ್ಲಾ ಚೆಕ್ ಮಾಡ್ಸಿತ್ತಲ್ಲೇ, ಕೊಲೆಸ್ಟೆರಾಲ್ ನೂರ ಎಂಬತ್ತೆರಡು, ನಾರ್ಮಲ್." ಆ ಕಾಗದವನ್ನು ನಾನು ಕೇಳಿ ಇಸಿದುಕೊಂಡೆ. ಈಗಲೂ ನನ್ನ ಬೀರುವಿನಲ್ಲಿದೆ. ಅದರಲ್ಲಿ ಮೂರು ಸಾಲು ಕೆಳಗೆ ಇ.ಎಸ್.ಆರ್. 68 ಎಂದಿದೆ. ಮೈಯಲ್ಲಿ ಎಲ್ಲೋ ಉರಿಯೂತವಿದೆ ಎಂದು ಸಾರುವ ಹಳೆಯ ಪರೀಕ್ಷೆ ಅದು. ಅದನ್ನು ಕೀಲಿನ ಲೆಕ್ಕಕ್ಕೆ ಹಾಕಿದರು, ಹೃದಯದ ಲೆಕ್ಕಕ್ಕೆ ಹಾಕಲಿಲ್ಲ. 2003ರಲ್ಲೇ ಅಮೆರಿಕದ ಒಂದು ಲಕ್ಷಕ್ಕೂ ಮೀರಿದ ನರ್ಸುಗಳ ಅಧ್ಯಯನದಲ್ಲಿ, ರುಮಟಾಯ್ಡ್ ಇರುವ ಹೆಂಗಸರಿಗೆ ಹೃದಯಾಘಾತದ ಅಪಾಯ ಸುಮಾರು ಎರಡು ಪಟ್ಟು ಎಂದು ಗೊತ್ತಾಗಿತ್ತು. ಆ ಸುದ್ದಿ ನಮ್ಮ ಊರಿಗೆ ಆರು ವರ್ಷವಾದರೂ ಬಂದಿರಲಿಲ್ಲ.

ಉರಿಯನ್ನು ಅಳೆಯುವ ಇನ್ನೊಂದು ಸೂಕ್ಷ್ಮ ಅಳತೆಗೋಲು ಸಿ.ಆರ್.ಪಿ. ಕೋವಿಡ್ ಕಾಲದಲ್ಲಿ ಮನೆಮನೆಯ ಮಾತಾದ ಈ ಮೂರಕ್ಷರ ಹುಟ್ಟಿದ್ದು 1930ರಲ್ಲಿ. ನ್ಯೂಯಾರ್ಕಿನ ರಾಕೆಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ನ್ಯುಮೋನಿಯಾದ ರೋಗಾಣುವಿನಿಂದ ತೆಗೆದ, 'ಸಿ' ಎಂದು ಗುರುತು ಹಾಕಿಟ್ಟಿದ್ದ ಒಂದು ಅಂಶದೊಂದಿಗೆ ಕಾಯಿಲೆಯವರ ರಕ್ತದಲ್ಲಿನ ಏನೋ ಒಂದು ಸೇರಿ ಗರಣೆಗಟ್ಟುತ್ತಿತ್ತು. ಗುಣವಾದ ಮೇಲೆ ಅದು ಇರುತ್ತಿರಲಿಲ್ಲ. ಸಿ.ಯೊಂದಿಗೆ ಕೂಡುವ ಪ್ರೊಟೀನು, ಅಷ್ಟೇ ಅದರ ಹೆಸರು. ಎಲ್ಲಿ ಉರಿ ಹತ್ತಿದರೂ ಲಿವರ್ ಅದನ್ನು ಸುರಿಯುತ್ತದೆ. ನನಗೆ ಅದರ ಪರಿಚಯ ಕೋವಿಡ್‌ಗೂ ಮೊದಲೇ ಇತ್ತು. ಎಂಟನೆಯ ತರಗತಿಯ ಒಬ್ಬ ಹುಡುಗಿ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್‌ಗೆ ರಜೆ ಕೇಳುತ್ತಿದ್ದಳು. ಗಂಟಲು ನೋವಿನಿಂದ ಶುರುವಾಗಿ ಕೀಲು ನೋಯಿಸಿ ಹೃದಯದ ಕವಾಟ ಕಚ್ಚುವ ರುಮ್ಯಾಟಿಕ್ ಜ್ವರ. ಅವಳ ಚೀಟಿಯಲ್ಲಿ ಸಿ.ಆರ್.ಪಿ. ಎಂದು ಇರುತ್ತಿತ್ತು. ಅಂದರೆ ಉರಿಗೂ ಹೃದಯಕ್ಕೂ ಮಕ್ಕಳ ಕಾಯಿಲೆಯಲ್ಲಿ ನೆಂಟಸ್ತನ ಮೊದಲೇ ಕಂಡಿತ್ತು, ದೊಡ್ಡವರಲ್ಲಿ ಕಾಣಬೇಕಿತ್ತು.

1997ರಲ್ಲಿ ಬಾಸ್ಟನ್ನಿನ ಪಾಲ್ ರಿಡ್ಕರ್, ವರ್ಷಗಳ ಹಿಂದೆ ತೆಗೆದಿಟ್ಟಿದ್ದ ಆರೋಗ್ಯವಂತ ವೈದ್ಯರ ರಕ್ತದಲ್ಲಿ ಸಿ.ಆರ್.ಪಿ. ಅಳೆದರು. ಆಗಲೇ ಅದು ಹೆಚ್ಚಿದ್ದವರಿಗೆ ಮುಂದೆ ಹೃದಯಾಘಾತವಾದದ್ದು ಸುಮಾರು ಮೂರು ಪಟ್ಟು. ಆ ವೈದ್ಯರೆಲ್ಲ ಗಂಡಸರು. ಹೆಂಗಸರ ಪಾಳಿ ಸ್ವಲ್ಪ ತಡವಾಗಿ ಬಂತು. 1990ರ ದಶಕದ ಆರಂಭದಲ್ಲಿ 45 ದಾಟಿದ, ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಸುಮಾರು 40,000 ಹೆಂಗಸರ ಅಧ್ಯಯನ ಶುರುವಾಗಿತ್ತು. ಅವರಲ್ಲಿ 27,939 ಜನರ ರಕ್ತದ ಲೆಕ್ಕ 2002ರಲ್ಲಿ ಪ್ರಕಟವಾಯಿತು. ಎಂಟು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವಕ್ಕೆ ತುತ್ತಾದವರಲ್ಲಿ ಶೇಕಡಾ 46 ಮಂದಿಯ ಎಲ್.ಡಿ.ಎಲ್. 130ಕ್ಕಿಂತ ಕಡಿಮೆ! ನನ್ನ ಅಕ್ಕನಂಥವರು. ಆ ಸಾಲನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಉರಿ ಮತ್ತು ಕೊಬ್ಬು ಹೇಗೆ ಕೂಡುತ್ತವೆ ಎಂಬುದನ್ನು ಈಗ ಹೀಗೆ ಹೇಳುತ್ತಾರೆ. ಎಲ್.ಡಿ.ಎಲ್. ನಾಳದ ಗೋಡೆಯೊಳಗೆ ನುಸುಳಿ ಅಲ್ಲೇ ಕೆಡುತ್ತದೆ. ಅದನ್ನು ಬಾಚಲು ಬಂದ ಬಿಳಿಯ ಕಣಗಳು ನುಂಗಿ ನುಂಗಿ ನೊರೆಯಂತೆ ಉಬ್ಬಿ ಅಲ್ಲೇ ಸಾಯುತ್ತವೆ. ಆ ಗಂಟಿನ ಮೇಲೆ, ಕಾದಾರಿದ ಹಾಲಿನ ಕೆನೆಯಂತೆ ಒಂದು ಪೊರೆ ಕಟ್ಟುತ್ತದೆ. ಪೊರೆ ಗಟ್ಟಿಯಿದ್ದರೆ ಗಂಟು ಇದ್ದೂ ಮನುಷ್ಯ ಬದುಕುತ್ತಾನೆ. ಒಳಗಿನ ಉರಿ ಆ ಪೊರೆಯನ್ನು ತಿಂದು ತೆಳ್ಳಗೆ ಮಾಡುತ್ತದೆ. ಅದು ಹರಿದ ಗಳಿಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಕೊಬ್ಬು ಸೌದೆ, ಉರಿಯೂತ ಕೆಂಡ. ಬರೇ ಸೌದೆಯ ರಾಶಿಯನ್ನು ಅಳೆದರೆ ಬೂದಿ ಮುಚ್ಚಿದ ಕೆಂಡ ಎಲ್ಲಿದೆ ಎಂದು ತಿಳಿಯುವುದಿಲ್ಲ.

ಇಲ್ಲೊಂದು ತರ್ಕದ ಸೂಕ್ಷ್ಮವೂ ಇದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸುವ ಉದಾಹರಣೆ ನಮ್ಮ ನ್ಯಾಯಶಾಸ್ತ್ರದಲ್ಲಿ ಹಳೆಯದು. ಸಿ.ಆರ್.ಪಿ. ಹೊಗೆ ಮಾತ್ರ. ಹುಟ್ಟಿನಿಂದಲೇ ಸಿ.ಆರ್.ಪಿ. ಹೆಚ್ಚಿರುವ ವಂಶವಾಹಿಯುಳ್ಳವರಿಗೆ ಹೃದಯರೋಗ ಹೆಚ್ಚಿಲ್ಲವೆಂದು ಮುಂದೆ ತಿಳಿಯಿತು. ಬೆಂಕಿ ಇರುವುದು ಅದಕ್ಕೂ ಹಿಂದೆ, ಅದನ್ನು ಎಬ್ಬಿಸುವ ಸಂಕೇತಗಳಲ್ಲಿ. ಹೊಟ್ಟೆಯ ಸುತ್ತಲಿನ ಕೊಬ್ಬು ಇಂಥ ಸಂಕೇತಗಳನ್ನು ಹಗಲೂ ರಾತ್ರಿ ಕಳಿಸುತ್ತಿರುತ್ತದಂತೆ. ತಂಬಾಕೂ ಅಷ್ಟೆ.

ಬೆಂಕಿಯನ್ನೇ ಆರಿಸಿ ನೋಡಿದ್ದು 2017ರಲ್ಲಿ. ಒಮ್ಮೆ ಹೃದಯಾಘಾತವಾಗಿ ಸಿ.ಆರ್.ಪಿ. ಹೆಚ್ಚೇ ಉಳಿದಿದ್ದ 10,061 ಜನರಿಗೆ ಕೊಲೆಸ್ಟೆರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ಇಳಿಸುವ ಇಂಜೆಕ್ಷನ್ ಪರೀಕ್ಷೆ. ಮಧ್ಯಮ ಪ್ರಮಾಣದ ಮದ್ದು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದಿಂದಾದ ಸಾವು ಸೇರಿ ಶೇಕಡಾ 15ರಷ್ಟು ಇಳಿಯಿತು. ವಿರ್ಕೋ ಹೇಳಿ ನೂರ ಅರವತ್ತು ವರ್ಷಗಳ ಮೇಲೆ ಅವನ ಮಾತಿಗೆ ರುಜು ಬಿತ್ತು. ಆದರೆ ಆ ಮದ್ದಿನಿಂದ ಸೋಂಕು ತಗುಲಿ ಸಾಯುವವರು ಹೆಚ್ಚಿದರು, ಬೆಲೆಯೋ ಕೇಳುವಂತಿಲ್ಲ. ಅದು ಹೃದಯಕ್ಕೆ ಔಷಧಿಯಾಗಲಿಲ್ಲ.

ಆಮೇಲೆ ಹುಡುಕಾಟ ಹಳೆಯದೊಂದು ಮದ್ದಿನ ಕಡೆ ತಿರುಗಿತು: ಗೌಟ್ ಎಂಬ ವಾತಕ್ಕೆ ಕೊಡುತ್ತಿದ್ದ ಕಾಲ್ಚಿಸಿನ್. ಇದು ಸಿಗುವ ಗಿಡಗಳಲ್ಲಿ ಒಂದು ನಮ್ಮದೇ ಗೌರಿ ಹೂ, ಅಗ್ನಿಶಿಖೆ ಎನ್ನುತ್ತಾರಲ್ಲ, ಮಳೆಗಾಲದಲ್ಲಿ ಮಲೆನಾಡಿನ ಬೇಲಿಗಳ ಮೇಲೆ ಹಳದಿ ಕೆಂಪು ನಾಲಿಗೆ ಚಾಚಿ ಅರಳುವುದು. ಹೂ ಕೀಳಲು ಹೋದರೆ ಅಜ್ಜಿ, "ಗಡ್ಡೆ ಮುಟ್ಟಿ ಬಾಯಿಗೆ ಕೈ ಹಾಕೀಯೆ" ಎಂದು ಗದರುತ್ತಿದ್ದರು. ಅವರ ಹೆದರಿಕೆ ನಿಜ, ಗಡ್ಡೆ ತಿಂದು ಸತ್ತವರಿದ್ದಾರೆ. ದಿನಕ್ಕೆ ಅರ್ಧ ಮಿಲಿಗ್ರಾಂ ಕಾಲ್ಚಿಸಿನ್ ಕೊಟ್ಟು ನಡೆಸಿದ 2019 ಮತ್ತು 2020ರ ಎರಡು ದೊಡ್ಡ ಪರೀಕ್ಷೆಗಳಲ್ಲಿ ಹೃದ್ರೋಗಿಗಳಿಗೆ ಒಳ್ಳೆಯದೇ ಆಯಿತು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. 2024ರ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಹಾಗಾಗಿ ಜಗಳ ನಡೆದೇ ಇದೆ. ಮನೆಮದ್ದಿನ ಉತ್ಸಾಹಿಗಳು ದಯವಿಟ್ಟು ಬೇಲಿಯ ಕಡೆ ಹೋಗಬೇಡಿ.

2024ರಲ್ಲೇ ಆ 27,939 ಹೆಂಗಸರ ಮೂವತ್ತು ವರ್ಷಗಳ ಲೆಕ್ಕ ಹೊರಬಂತು. ರಕ್ತ ಕೊಟ್ಟಾಗ ಅವರ ಸರಾಸರಿ ವಯಸ್ಸು 55ರ ಹತ್ತಿರ, ಅಂದರೆ ಈಗ ನನಗಿರುವಷ್ಟು. ಅವರನ್ನು ಐದು ಪಾಲು ಮಾಡಿ ನೋಡಿದರೆ, ಎಲ್.ಡಿ.ಎಲ್. ಅತಿ ಹೆಚ್ಚಿದ್ದ ಪಾಲಿಗೆ ಅತಿ ಕಡಿಮೆಯಿದ್ದವರಿಗಿಂತ ಅಪಾಯ ಶೇಕಡಾ 36 ಹೆಚ್ಚು. ಲೈಪೊಪ್ರೊಟೀನ್-ಎ ಎಂಬ, ಬಹುಮಟ್ಟಿಗೆ ವಂಶದಿಂದಲೇ ಬರುವ ಇನ್ನೊಂದು ಕೊಬ್ಬಿನಿಂದ ಶೇಕಡಾ 33 ಹೆಚ್ಚು. ಸಿ.ಆರ್.ಪಿ.ಯಿಂದ ಶೇಕಡಾ 70 ಹೆಚ್ಚು. ಒಂದೇ ಸಲ ತೆಗೆದ ರಕ್ತ ಮೂವತ್ತು ವರ್ಷದ ಭವಿಷ್ಯ ಹೇಳಿತು. ನಮ್ಮ ಜಾತಕಗಳಿಗೆ ಇಷ್ಟು ತಾಳ್ಮೆ ಇಲ್ಲ.

ಅಕ್ಕನ ಮಗಳಿಗೆ ಈಗ 44. ಕಳೆದ ಬೇಸಗೆಯಲ್ಲಿ ಬಂದಿದ್ದಾಗ ಅವಳನ್ನು ಲ್ಯಾಬಿಗೆ ಕರೆದೊಯ್ದೆ. ಸಿ.ಆರ್.ಪಿ. ಎಂದಷ್ಟೇ ಕೇಳಿದರೆ ಜ್ವರಕ್ಕೆ ಮಾಡುವ ಸಾದಾ ಪರೀಕ್ಷೆ ಮಾಡುತ್ತಾರೆ. ಹೃದಯಕ್ಕೆ ಬೇಕಾದದ್ದು ಎಚ್.ಎಸ್.-ಸಿ.ಆರ್.ಪಿ., ಸಣ್ಣ ಪ್ರಮಾಣವನ್ನೂ ಹಿಡಿಯುವಂಥದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಅಪಾಯ ಕಡಿಮೆ, 1ರಿಂದ 3 ನಡುವಿನದು, 3ರ ಮೇಲೆ ಹೆಚ್ಚು. 10 ದಾಟಿದರೆ ಎಲ್ಲೋ ಸೋಂಕೋ ಬೇರೆ ಉರಿಯೂತವೋ ಇರಬಹುದು ಎಂದು ಅರ್ಥ, ಅದನ್ನು ಹೃದಯದ ಲೆಕ್ಕಕ್ಕೆ ತೆಗೆದುಕೊಳ್ಳದೆ ಎರಡು ಮೂರು ವಾರ ಬಿಟ್ಟು ಮತ್ತೆ ಮಾಡಿಸಬೇಕು. ನೆಗಡಿಯಾದ ವಾರವಂತೂ ಹೋಗಲೇಬಾರದು. ಲ್ಯಾಬಿನ ಹುಡುಗ ಸೂಜಿ ಚುಚ್ಚುವ ಮೊದಲು, "ಯಾವ ಡಾಕ್ಟ್ರು ಬರ್ಕೊಟ್ಟಿದ್ದು ಮೇಡಂ?" ಎಂದು ಕೇಳಿದ. ಚೀಟಿ ತೋರಿಸಿದೆ. ಅದರಲ್ಲಿ ಕೊಲೆಸ್ಟೆರಾಲ್ ಕೂಡ ಇತ್ತು, ಎರಡೂ.